ಕೌಂಟರಿನಲ್ಲಿ ಗೆದ್ದ ವಾದ

ಹೊಸದುರ್ಗದಿಂದ ಹಿರಿಯೂರಿಗೆ ಹೋಗುವ ದಾರಿಯಲ್ಲಿ, ಪಹಣಿಗೆಂದು ಒಂದು ಸರ್ಕಾರಿ ಕೌಂಟರಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಕುರಿ ಕಾಯುವ ಒಬ್ಬ ಅಜ್ಜ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದ. ಮೊಮ್ಮಗಳ ಹಾಸ್ಟೆಲ್ ಅರ್ಜಿಗೆ ಅಂದೇ ಕೊನೆಯ ದಿನ. ಅದಕ್ಕೆ ಇಲ್ಲಿನ ಸಹಿ ಬೇಕಿತ್ತು.

"ಕುರಿ ಹಿಂದೆ ತಿರುಗಿ ತಿರುಗಿ ನಿಂಗೂ ಕುರಿ ಬುದ್ಧೀನೇ ಬಂದೈತೆ. ಇಷ್ಟು ದಿನ ಎಲ್ಲಿ ಸತ್ತಿದ್ದೆ ಲೇ?" ಎಂದ ಗುಮಾಸ್ತ, ಪೆನ್ನಿನ ಮುಚ್ಚಳ ತೆಗೆಯುತ್ತ.

ನಾನು ಸುಮ್ಮನಿರಲಿಲ್ಲ. "ಜನರನ್ನ ಬೈಬೇಕು ಅಂತ ಯಾವ ನಿಯಮದಲ್ಲೈತೆ, ತೋರಿಸ್ರಿ" ಎಂದೆ.

"ನಿಯಮ ಬೇಕಾ? ಹಂಗಾದ್ರೆ ಅರ್ಜಿ ಕೊಟ್ಟು ವಾರ ಬಿಟ್ಕಂಡು ಬರ್ರಿ" ಎಂದವನೇ ಪೆನ್ನು ಮುಚ್ಚಿ ಕಿಟಕಿ ಎಳೆದುಕೊಂಡ.

ಅಜ್ಜ ಕಾಗದ ಮಡಚುತ್ತ ನನ್ನತ್ತ ತಿರುಗಿದ. "ಅವ್ರು ಬೈದಾದ್ಮೇಲೆ ಸಹಿ ಹಾಕ್ತಾರೆ ಸ್ವಾಮಿ, ಯಾವಾಗ್ಲೂ ಹಂಗೇ. ಇನ್ನೆರಡು ಮಾತು ಬೈಸ್ಕಂಡಿದ್ರೆ ಹುಡುಗಿ ಓದ್ತಿದ್ಲು."