ಚೀಟಿ ಕಿತ್ತ ಬುತ್ತಿ

ಹೋದ ವಸಂತದಲ್ಲಿ ಸೈಮಿ ಕೇಳಿ ಉತ್ತರಿಸುವ ಇಂಗ್ಲಿಷ್ ಪರೀಕ್ಷೆಯಿಂದ ಅರ್ಧಕ್ಕೇ ಎದ್ದು ಬಂದಿದ್ದಳು. ಹೆಡ್‌ಫೋನ್ ಹಾಕಿಕೊಂಡರೆ ತನ್ನ ಎದೆಬಡಿತವೊಂದೇ ಕೇಳಿಸಿತ್ತು. ಅದು ಪಾಸಾಗದೆ ಫಿನ್ಲೆಂಡಿನಲ್ಲಿ ಶಾಲೆ ಮುಗಿಸಿದವರ ಬಿಳಿ ಟೋಪಿ ತಲೆಗೇರದು. ಬೇಸಿಗೆಯೆಲ್ಲ ವೃದ್ಧಾಶ್ರಮದ ಪಾತ್ರೆ ತೊಳೆಯುತ್ತಲೇ ಓದಿ, ಯಾರೂ ಹೇಳದೆ ತಾನೇ ಮತ್ತೆ ಹೆಸರು ಕೊಟ್ಟಳು.

ಅಲ್ಲಿ ಪರೀಕ್ಷೆ ಬರೆಯುತ್ತಲೇ ತಿನ್ನಬಹುದು, ಆದರೆ ನಕಲು ಮಾಡದಂತೆ ಒಯ್ಯುವ ಬುತ್ತಿಯ ಮೇಲೆ ಒಂದಕ್ಷರವೂ ಇರಕೂಡದು. ಪರೀಕ್ಷೆಯ ದಿನ ಬೆಳಿಗ್ಗೆ ಅಜ್ಜಿ ಹೆಲ್ವಿ ಕಪಾಟಿನಲ್ಲಿದ್ದ ಬಾಟಲಿಗಳ ಚೀಟಿಯನ್ನೆಲ್ಲ ಬಿಸಿನೀರಲ್ಲಿ ನೆನೆಸಿ ಕಿತ್ತಿದ್ದಳು.

"ಅಯ್ಯೋ ಅಜ್ಜಿ, ನಾನು ಒಯ್ಯೋದ್ರದ್ದು ಮಾತ್ರ ಕಿತ್ರೆ ಸಾಕಿತ್ತು!"

"ಸುಮ್ನಿರೇ. ಈ ಸಲ ಓಡಿ ಬಂದ್ರೆ ಬಾಗಿಲು ತೆಗೆಯಲ್ಲ, ನೋಡು."

ಪರೀಕ್ಷೆಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿದೊಡನೆ ಅದೇ ಎದೆಬಡಿತ. ಕಣ್ಣು ಬಾಗಿಲ ಕಡೆಗೇ ಹೋಯಿತು. ಕೈಗಾದರೂ ಕೆಲಸ ಕೊಡೋಣವೆಂದು ಸೈಮಿ ಡಬ್ಬಿ ತೆರೆದು ಬನ್ನು ಕಚ್ಚಿದಳು. ಚೀಟಿಯಿಲ್ಲದ ಬಾಟಲಿಯಲ್ಲಿರುವುದು ಹಳದಿ ಹಣ್ಣಿನ ಜಾಮ್ ಎಂದುಕೊಂಡು ಅಜ್ಜಿ ಅರೆದ ಸಾಸಿವೆಯನ್ನು ದಪ್ಪಗೆ ಬಳಿದಿದ್ದಳು! ಖಾರ ಮೂಗಿಗೇರಿ ಕಣ್ಣಲ್ಲಿ ನೀರು ತುಂಬಿತು. ಬಾಯಿಗೆ ಕೈ ಒತ್ತಿ ನಗು ನುಂಗಿದಳು. ನಗು ಇಳಿದಾಗ ಕಿವಿಯಲ್ಲಿ ಯಾರೋ ಹೆಂಗಸು ನಿಧಾನವಾಗಿ ಇಂಗ್ಲಿಷಿನಲ್ಲಿ ಹವಾಮಾನ ಹೇಳುತ್ತಿದ್ದಳು. ಪೂರ್ತಿ ಅಲ್ಲದಿದ್ದರೂ ಅರ್ಥವಾಗುತ್ತಿತ್ತು. ಆಮೇಲೂ ಎರಡು ಸಲ ಎದೆಬಡಿತ ಜೋರಾಯಿತು. ಎರಡು ಸಲವೂ ಅವಳು ಬನ್ನು ಕಚ್ಚಿದಳೇ ಹೊರತು ಬಾಗಿಲ ಕಡೆ ನೋಡಲಿಲ್ಲ.

"ಪಾಸಾಗ್ತೀಯೇನೇ?" ಮನೆಗೆ ಬಂದವಳನ್ನು ಅಜ್ಜಿ ಕೇಳಿದಳು.

"ಗೊತ್ತಿಲ್ಲ ಅಜ್ಜಿ. ಕೊನೇವರೆಗೂ ಕೂತಿದ್ದೆ."

ಅಜ್ಜಿ ಡಬ್ಬಿ ತೆರೆದಳು. ಖಾಲಿಯಿತ್ತು.

"ಜಾಮ್ ರುಚಿಯಾಗಿತ್ತಾ?"

"ಒಂದು ಚೂರೂ ಬಿಡ್ಲಿಲ್ಲ," ಎಂದಳು ಸೈಮಿ.