ಮೇಲಿನ ಹಲ್ಲು, ಎಡಗಣ್ಣು

ನನಗಿರುವುದು ಒಂದೇ ಕಣ್ಣು, ಎಡಗಣ್ಣು. ಬಲಗಣ್ಣು ಮದುವೆಗೆ ಮುಂಚೆಯೇ ಕಣದಲ್ಲಿ ಹುಲ್ಲು ಚುಚ್ಚಿ, ಹುಣ್ಣಾಗಿ ಹೋಯಿತು. ಉಳಿದ ಒಂದರಲ್ಲೇ ಮಕ್ಕಳನ್ನು ಸಾಕಿದೆ, ಹೊಲ ನೋಡಿಕೊಂಡೆ, ಆ ಹೊಲ ಸೈಟುಗಳಾಗಿದ್ದನ್ನೂ ನೋಡಿದೆ. ಇಟ್ಟಮಡುವಿನಲ್ಲಿ ನಮ್ಮ ಈಗಿನ ಮನೆ ಅದೇ ಹೊಲದ ಮೇಲಿದೆ. ಕೆಳಗೆ ಮಗ, ಸೊಸೆ, ಮೊಮ್ಮಗಳು, ನಾನು, ಮೇಲೆ ಬಾಡಿಗೆಯವರು. ಪಕ್ಕದ ಮನೆ ನನ್ನ ಓರಗಿತ್ತಿಯದು, ನನ್ನ ಗಂಡನ ಅಣ್ಣನ ಹೆಂಡತಿ.

ಈ ಓರಗಿತ್ತಿ ಹೇಳಿದ ಒಂದು ಮಾತಿಗೆ ನಾನು ಹತ್ತಾರು ವರ್ಷ ಹಲ್ಲುನೋವು ತಿಂದೆ. ಮೊದಲ ಸಲ ಮೇಲಿನ ದವಡೆ ನೋಯುತ್ತದೆ ಅಂದಾಗ ಅವಳು ಹೇಳಿದ್ದು ಇಷ್ಟು: "ಮೇಲಿಂದು ಕೀಳಿಸ್ಬೇಡ ಕಣಮ್ಮಿ. ಅದ್ರ ಬೇರು ಕಣ್ಗೆ ಹೋಗಿರ್ತದೆ. ನಿಂಗಿರೋದೇ ಒಂದು." ಅವಳಿಗೆ ಅದನ್ನು ಅವಳ ಅವ್ವ ಹೇಳಿದ್ದಳಂತೆ. ಎರಡು ಕಣ್ಣು ಇದ್ದಿದ್ದರೆ ಒಂದನ್ನು ಪಣಕ್ಕಿಟ್ಟು ನೋಡುತ್ತಿದ್ದೆನೋ ಏನೋ. ಒಂದೇ ಇದ್ದುದಕ್ಕೆ ನಂಬಿದೆ.

ನೋವು ಬಂದಾಗ ಲವಂಗ ಒತ್ತುತ್ತಿದ್ದೆ. ಅದಕ್ಕೂ ಬಗ್ಗದಿದ್ದರೆ ಹೊಗೆಸೊಪ್ಪಿನ ಕಡ್ಡಿಪುಡಿ ಇಡುತ್ತಿದ್ದೆ. ಮೊದಲ ಬಾಣಂತನದಿಂದಲೂ ಎಲೆ, ಅಡಿಕೆ, ಕಡ್ಡಿಪುಡಿ ನನ್ನ ಬಾಯಿ ಬಿಟ್ಟಿರಲಿಲ್ಲ. ಹಲ್ಲುಜ್ಜುವುದು ಇದ್ದಿಲು, ಉಪ್ಪು, ಬೆರಳು. ವಸಡಿನಲ್ಲಿ ರಕ್ತ ಬರುತ್ತಿತ್ತು ಅಂತ ಈಗ ಗೊತ್ತು. ಆಗ ಗೊತ್ತಾಗಲಿಲ್ಲ. ಎಲೆಅಡಿಕೆ ಹಾಕುವವಳು ಉಗಿದರೆ ಕೆಂಪೇ. ಅದರಲ್ಲಿ ಯಾವ ಕೆಂಪು ಯಾವುದು ಅಂತ ಯಾರು ನೋಡುತ್ತಾರೆ?

ಹಲ್ಲುಗಳು ಅಲ್ಲಾಡತೊಡಗಿದವು. ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ನಮ್ಮದು ಮುದ್ದೆ ಊಟ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಲ್ಲಿ ಅದ್ದಿ, ನುಂಗುವುದು. ಮಧ್ಯಾಹ್ನ ಒಂದು, ರಾತ್ರಿ ಒಂದು ನುಂಗಿ ಏಳುತ್ತಿದ್ದೆ. ನಮ್ಮತ್ತೆ ಇನ್ನೂ ಗಟ್ಟಿ ಅಂತ ಸೊಸೆ ಬಂದವರಿಗೆಲ್ಲ ಹೇಳುತ್ತಿದ್ದಳು. ಬಾಡೂಟದ ದಿನ ನನ್ನ ತುಂಡುಗಳನ್ನು ಮೊಮ್ಮಗಳ ತಟ್ಟೆಗೆ ದಾಟಿಸುತ್ತಿದ್ದೆ. ಅಜ್ಜಿಗೆ ಎಷ್ಟು ಪ್ರೀತಿ ಅಂದರು. ಪ್ರೀತಿ ಇರಲಿ, ತುಂಡು ಅಗಿಯಲು ಗಟ್ಟಿ ಹಲ್ಲಿರಲಿಲ್ಲ. ಹುರುಳಿಕಾಯಿ, ಸೌತೆಕಾಯಿ ಬಿಟ್ಟೆ. ನಡುವೆ ಹಸಿವಾದರೆ ಟೀಯಲ್ಲಿ ಬನ್ ಅದ್ದಿ ತಿನ್ನುತ್ತಿದ್ದೆ, ಇಲ್ಲವೇ ಎರಡು ಬಾಳೆಹಣ್ಣು. ನನಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ನುಂಗುತ್ತೇನಲ್ಲ ಅಂತ ಸುಮ್ಮನಿದ್ದೆ.

ಆಮೇಲೆ ಎಡಗಣ್ಣು ಮಬ್ಬಾಯಿತು. ಬಸ್ಸಿನ ನಂಬರ್ ಹೋಯಿತು, ಎದುರುಮನೆಯವರ ಮುಖ ಹೋಯಿತು. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದರೆ ಗೆರೆ ಚುಕ್ಕಿ ಬಿಟ್ಟು ಎಲ್ಲೋ ಹೋಗುತ್ತಿತ್ತು. ಸೊಸೆ ನನ್ನ ಹಿಂದೆಯೇ ಬಂದು ನನಗೆ ಹೇಳದೆ ತಿದ್ದುತ್ತಿದ್ದಳು. ಅದು ನನಗೆ ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು.

ಜಯನಗರದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಪೊರೆ ಬಲಿತಿದೆ, ತೆಗೆಯಬಹುದು ಅಂದರು. ರಕ್ತ ಪರೀಕ್ಷೆ ಮಾಡಿದರು. ಆಮೇಲೆ ಡಾಕ್ಟರು ಬಾಯಿ ತೆಗೆಯಿರಿ ಅಂದರು. ಕಣ್ಣಿಗೆ ಬಂದವಳ ಬಾಯಿ ಇವರಿಗೇಕೆ ಅನ್ನಿಸಿತು. ತೆಗೆದೆ. ಟಾರ್ಚ್ ಹಿಡಿದು ನೋಡಿ, ಈಗ ಆಪರೇಷನ್ ಆಗುವುದಿಲ್ಲ ಅಂದುಬಿಟ್ಟರು. ಸಕ್ಕರೆ ಬಹಳ ಏರಿದೆ, ವಸಡಿನಲ್ಲಿ ಕೀವಿದೆ, ಆ ನಂಜು ಕುಯ್ದ ಕಣ್ಣಿಗೆ ತಗುಲಿದರೆ ಇರುವ ಒಂದೂ ಉಳಿಯುವುದಿಲ್ಲ, ಬಾಯಿ ಸರಿಮಾಡಿಸಿಕೊಂಡು ಬನ್ನಿ ಅಂತ ಕಳಿಸಿದರು.

ಆಟೋದಲ್ಲಿ ಬನಶಂಕರಿ ದಾಟುವಾಗ ಸೊಸೆ ನನ್ನ ಕಡೆ ತಿರುಗಿ ಕೇಳಿದಳು.

"ಎಷ್ಟು ದಿನದಿಂದ ಅತ್ತೆ, ಅಗಿಯೋಕಾಗ್ತಿಲ್ಲ?"

"ಎರಡು ವರ್ಷ ಆಗಿರ್ಬೇಕು."

"ದಿನಾ ಎದುರಿಗೆ ಕೂತು ಬಡಿಸ್ತೀನಿ. ಒಂದು ಮಾತು ಹೇಳ್ಲಿಲ್ವಲ್ಲ ನೀವು."

"ನೀನು ಕೇಳ್ಲಿಲ್ಲ" ಅಂದೆ. ಅನ್ನಬಾರದಿತ್ತು. ಅಂದಾಗಿತ್ತು.

ಮಾರನೆಯ ದಿನವೇ ನಮ್ಮ ರಸ್ತೆಯ ಮೆಡಿಕಲ್ ಸ್ಟೋರಿನ ಮೇಲಿರುವ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಂಗಸು. ಮೇಲಿನ ಮೂರು ಕೀಳಲೇಬೇಕು, ಉಳಿದವನ್ನು ಕ್ಲೀನ್ ಮಾಡಿ ಉಳಿಸಬಹುದು ಅಂದಳು. ನಾನು ಕುರ್ಚಿಯಿಂದ ಎದ್ದೆ. ಮೇಲಿನದು ಕಿತ್ತರೆ ಕಣ್ಣು ಹೋಗುತ್ತದೆ, ಅದಕ್ಕೇ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದೇನೆ ಅಂದೆ. ಅವಳು ನಗಲಿಲ್ಲ.

"ಹಲ್ಲು ಇನ್ನೂ ಅಲ್ಲೇ ಇದ್ಯಲ್ಲ ಅಜ್ಜಿ. ಕಣ್ಣು ಕಾಣ್ತಿದ್ಯಾ?"

ಮತ್ತೆ ಕುರ್ಚಿಯಲ್ಲಿ ಕೂತೆ. ಹಲ್ಲಿನ ನರ ಬೇರೆ, ಕಣ್ಣಿನ ನರ ಬೇರೆ ಅಂತ ಕನ್ನಡಿ ಹಿಡಿದು ತೋರಿಸಿ ಹೇಳಿದಳು. ವಸಡಿನಲ್ಲಿ ಕೀವಿದ್ದರೆ ಸಕ್ಕರೆ ಇಳಿಯುವುದಿಲ್ಲ, ಸಕ್ಕರೆ ಇಳಿಯದಿದ್ದರೆ ಕೀವು ಆರುವುದಿಲ್ಲ, ಎರಡೂ ಒಂದನ್ನೊಂದು ಸಾಕಿಕೊಂಡಿರುತ್ತವೆ ಅಂದಳು. ಇದು ನನಗೆ ಅರ್ಥವಾಯಿತು. ನಂಬಿಕೆ ಪೂರ್ತಿ ಬರಲಿಲ್ಲ.

ಸಕ್ಕರೆ ಸ್ವಲ್ಪ ಹತೋಟಿಗೆ ಬಂದ ಮೇಲೆ ಮೊದಲನೆಯದನ್ನು ಕಿತ್ತಳು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ನಾನು ಮೊದಲು ನೋಡಿದ್ದು ಗೋಡೆಯ ಕ್ಯಾಲೆಂಡರನ್ನು. ಹೋಗುವಾಗ ಎಷ್ಟು ಮಬ್ಬಾಗಿತ್ತೋ ಅಷ್ಟೇ ಮಬ್ಬು. ಒಂದು ಕೂದಲೆಳೆ ಹೆಚ್ಚಿಲ್ಲ. ಆಗ ಬಂತು ನಂಬಿಕೆ. ಉಳಿದ ಎರಡಕ್ಕೆ ನಾನೇ ಮುಂದೆ ನಡೆದೆ.

ಹಲ್ಲು ಕೀಳಿಸಿದ್ದಕ್ಕಿಂತ ಕಡ್ಡಿಪುಡಿ ಬಿಟ್ಟಿದ್ದು ಕಷ್ಟ. ಎಂಟು ದಿನ ಮನೆಯಲ್ಲಿ ಎಲ್ಲರನ್ನೂ ಬೈದೆ. ಬ್ರಷ್ ಹಿಡಿಯುವುದನ್ನು ಮೊಮ್ಮಗಳು ಕಲಿಸಿದಳು. ಪಾತ್ರೆ ಉಜ್ಜೋ ಹಾಗೆ ಉಜ್ಜಬೇಡಿ ಅಜ್ಜಿ, ಮೆತ್ತಗೆ ಅಂದಳು. ಎರಡು ಹೊತ್ತು ಬ್ರಷ್, ಊಟವಾದ ಮೇಲೆ ಬಾಯಿ ಮುಕ್ಕಳಿಸುವುದು. ನಾಲ್ಕಾರು ವಾರಕ್ಕೆ ಉಗಿದರೆ ಬರೀ ಬಿಳಿ ನೊರೆ. ಬೇಯಿಸಿದ ಹುರುಳಿಕಾಯಿ ಅಗಿಯಲು ಬಂತು, ಬನ್ನು ಬಾಳೆಹಣ್ಣು ತಾವಾಗಿ ಕಮ್ಮಿಯಾದವು. ಸಕ್ಕರೆ ಇಳಿಯಿತು. ಎಲ್ಲವೂ ಹಲ್ಲಿನಿಂದಲೇ ಆಯಿತು ಅನ್ನುವುದಿಲ್ಲ, ಮಾತ್ರೆಯನ್ನೂ ಬದಲಾಯಿಸಿದ್ದರು. ಅಂತೂ ಕಣ್ಣಾಸ್ಪತ್ರೆಯವರು ಒಪ್ಪಿ ಪೊರೆ ತೆಗೆದರು.

ಈಗ ರಂಗೋಲಿಯ ಗೆರೆ ಚುಕ್ಕಿಯ ಸುತ್ತಲೇ ಹೋಗುತ್ತದೆ. ಸೊಸೆ ಹಿಂದೆ ಬರುವುದಿಲ್ಲ. ಊಟಕ್ಕೆ ಕೂತಾಗ ಮಾತ್ರ ನನ್ನ ದವಡೆಯನ್ನೇ ನೋಡುತ್ತಿರುತ್ತಾಳೆ. ನೋಡಲಿ ಅಂತ ಅಗಿಯುತ್ತೇನೆ.

ಮೊನ್ನೆ ಓರಗಿತ್ತಿ ಬಂದಳು. ಕೆನ್ನೆ ಊದಿತ್ತು, ಬಾಯಿಂದ ಲವಂಗದ ವಾಸನೆ. ಯಾವ ಹಲ್ಲು ಅಕ್ಕಾ ಅಂದೆ.

"ಮೇಲಿಂದು ಕಣಮ್ಮಿ" ಅಂದಳು, ಎಲ್ಲ ಮುಗಿದುಹೋದವಳ ಹಾಗೆ.

ನಾನು ಬಾಯಿ ತೆಗೆದು ಮೂರು ಹಲ್ಲಿನ ಜಾಗ ತೋರಿಸಿದೆ. ಆಮೇಲೆ ಎದುರುಮನೆ ಗೇಟಿಗೆ ನೇತುಹಾಕಿದ್ದ ಹಲಗೆಯನ್ನು ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದೆ: ಮನೆ ಬಾಡಿಗೆಗೆ ಇದೆ.

ಅವಳು ಹಲಗೆಯನ್ನು ನೋಡಿದಳು, ನನ್ನ ಕಣ್ಣನ್ನು ನೋಡಿದಳು. ಬೆರಳು ಹಾಕಿ ಲವಂಗ ತೆಗೆದು ಚರಂಡಿಗೆ ಎಸೆದಳು.

"ಆ ಡಾಕ್ಟ್ರು ಎಷ್ಟೊತ್ಗೆ ಬರ್ತಾರೆ?" ಅಂದಳು.

ನಾನು ಚಪ್ಪಲಿ ಮೆಟ್ಟಿಕೊಂಡೆ.