ಕೇಳಿದ್ದನ್ನು ಹೇಳುವ ಜರಡಿಯಣ್ಣ

ಬೀದಿಯ ಧೂಳು ಏಳುವ ಮುಂಚೆ ಜರಡಿಯಣ್ಣ ಏಳುತ್ತಾರೆ. ಹೊರಗೆ ಇನ್ನೂ ಮಬ್ಬುಗತ್ತಲು. ಮುಂದಿನ ಕೋಣೆಯ ಕಿಟಕಿಗಳೆಲ್ಲ ಮುಚ್ಚಿವೆ, ಫ್ಯಾನು ನಿಂತಿದೆ, ಒರೆಸಿದ ನೆಲ ಇನ್ನೂ ಒದ್ದೆ. ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆಯ ಒಂದು ಅಂಚು ಅವರ ಕೈಯಲ್ಲಿ, ಇನ್ನೊಂದು ಹೆಂಡತಿಯ ಕೈಯಲ್ಲಿ. ಇಬ್ಬರೂ ಉಸಿರು ಬಿಗಿಹಿಡಿದು ಎಳೆಯುತ್ತಾರೆ. ಸುಕ್ಕು ಹೋದ ಮೇಲೆ ಚೌಕಟ್ಟಿಗೆ ಅಂಟಿಸಿ, ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತಾರೆ. ಸದ್ದು ಹಿಡಿಸಿದರೆ ತಲೆದೂಗುತ್ತಾರೆ. ಅಲ್ಲಿಯವರೆಗೆ ಮಾತಿಲ್ಲ.

“ಮದುವೆಯಾದಾಗಿಂದ ನನಗಿಂತ ಈ ಹಾಳೆಗೇ ಉಪಚಾರ ಜಾಸ್ತಿ,” ಎನ್ನುತ್ತಾ ಹೆಂಡತಿ ಚಹಾ ಮಾಡಲು ಏಳುತ್ತಾರೆ.

ಜರಡಿಯಣ್ಣ ರಿಪೇರಿ ಮಾಡುವುದು ಹಳೆಯ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರುಗಳನ್ನು. ತೂತುಗಳಿರುವ ಎರಡು ಲೋಹದ ಫಲಕಗಳ ನಡುವೆ ಈ ತೆಳು ಹಾಳೆ ಇರುತ್ತದೆ. ಸಾವಿರಾರು ವೋಲ್ಟ್ ವಿದ್ಯುತ್ತಿನ ಬಲದಲ್ಲಿ ಅದೇ ಅಲುಗಿ ಹಾಡುತ್ತದೆ. ಬಣ್ಣ ಬಳಿದು ಒಣಗಲು ಹೊರಗಿಟ್ಟ ಫಲಕಗಳನ್ನು ಕಂಡು, ಇವರು ಜರಡಿ ಮಾರುವವರೆಂದು ಬೀದಿಯವರು ತಿಳಿದರಂತೆ. ಹೆಸರು ಹಾಗೇ ಅಂಟಿಕೊಂಡಿತು. ಮಾವನ ರೇಡಿಯೊ ಅಂಗಡಿಯಲ್ಲಿ ಕಲಿತ ಕೆಲಸ. ಒಂದು ಜೋಡಿಗೆ ಮೂರು ತಿಂಗಳಾದರೂ ಬೇಕು. ಒಮ್ಮೆ ಶಾಕ್ ಹೊಡೆದು ಗೋಡೆಗೆ ಬಿದ್ದವರಿಗೆ ಎಡಗೈಯ ಕಿರುಬೆರಳಿನಲ್ಲಿ ಇಂದಿಗೂ ಸ್ಪರ್ಶವಿಲ್ಲ.

ಅದನ್ನೆಲ್ಲ ನಗುತ್ತಲೇ ಹೇಳುತ್ತಾರೆ. ಗೋಡೆಗೆ ಒರಗಿ ನಿಂತಿರುವ ಒಂದು ಜೋಡಿಯ ಮಾತು ಬಂದಾಗ ಮಾತ್ರ ದನಿ ಇಳಿಯುತ್ತದೆ. ಆ ಮಾದರಿಯವು ಈಗ ಬೆರಳೆಣಿಕೆಯಷ್ಟೇ ಉಳಿದಿವೆ. ರೇಡಿಯೊ ನಿಲಯದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದ ಹಿರಿಯರೊಬ್ಬರು, ಇವರ ಬಾಯಲ್ಲಿ ‘ಮೇಷ್ಟ್ರು’, ನಿಲಯದವರು ಈ ಸ್ಪೀಕರುಗಳನ್ನು ಹೊರಹಾಕಿದಾಗ ಕೊಂಡು, ರಿಪೇರಿಗೆ ತಂದುಕೊಟ್ಟಿದ್ದರು. ತಾವೇ ಮುದ್ರಿಸಿದ ಒಂದು ಹಾಡನ್ನು ಇದರಲ್ಲಿ ಮತ್ತೊಮ್ಮೆ ಕೇಳಬೇಕೆಂಬುದು ಅವರ ಆಸೆ. ಆದರೆ ಅದಕ್ಕೆ ಒಗ್ಗುವ ಹಾಳೆಯ ತಯಾರಿಕೆಯೇ ನಿಂತಿತ್ತು. ಹುಡುಕಿ ತರಿಸಿದ ಮೊದಲ ಹಾಳೆ ಎಳೆಯುವಾಗಲೇ ಹರಿಯಿತು. ಮತ್ತೊಂದು ಸಿಗುವಷ್ಟರಲ್ಲಿ ವರ್ಷಗಳು ಉರುಳಿದವು.

ಕೊನೆಗೆ ಸ್ಪೀಕರು ಹಾಡಿದ ದಿನ ಮೇಷ್ಟ್ರು ಎರಡಕ್ಕೂ ಎದುರಾಗಿ ನಟ್ಟನಡುವೆ ಇಟ್ಟ ಕುರ್ಚಿಯಲ್ಲಿ ಕುಳಿತರು. ಹಾಡು ಮುಗಿದರೂ ಮುಖದಲ್ಲಿ ಏನೂ ಮೂಡಲಿಲ್ಲ. ಕಿವಿಯ ಹತ್ತಿರ ಬಂದು ಹೇಳಿದ ಮಾತು ಹೇಗೋ ತಿಳಿಯುತ್ತದೆ, ಸಂಗೀತ ಮಾತ್ರ ತಗಡು ಬಡಿದಂತೆ ಕೇಳುತ್ತದೆ ಎಂದರು. ಕಿವಿ ಹೀಗಾಗಿರುವುದನ್ನು ಅವರು ಯಾರಿಗೂ ಹೇಳಿರಲಿಲ್ಲ.

“ಒಂದು ವರ್ಷ ಮುಂಚೆ ಮುಗಿಸಿದ್ದಿದ್ರೆ ಕೇಳ್ತಿದ್ರು,” ಎನ್ನುತ್ತಾರೆ ಜರಡಿಯಣ್ಣ. “ಹಾಳೆ ಸಿಗ್ಲಿಲ್ಲ ನಿಜ. ಆದ್ರೂ ಮನಸ್ಸು ಒಪ್ಪಲ್ಲ.”

ಅಂದು ಮೇಷ್ಟ್ರು ಎದ್ದು, ಕುರ್ಚಿಯನ್ನು ಇವರಿಗೆ ಬಿಟ್ಟುಕೊಟ್ಟರು. “ನೀನು ಕೇಳಿ ಹೇಳಪ್ಪಾ. ನಾನಿಲ್ಲಿ ಪಕ್ಕದಲ್ಲಿರ್ತೀನಿ,” ಎಂದರು. ತಲೆ ಒಂದಿಷ್ಟು ವಾಲಿದರೂ ಹಾಡುವವರು ಕದಲಿದಂತಾಗುವ ಸ್ಪೀಕರು ಅದು; ಸರಿಯಾಗಿ ಕೇಳುವುದು ನಡುವೆ ಕೂತವರಿಗೆ ಮಾತ್ರ.

ಅಂದಿನಿಂದ ಭಾನುವಾರ ಬೆಳಗಾದರೆ ಮೇಷ್ಟ್ರು ಬರುತ್ತಾರೆ. ಜರಡಿಯಣ್ಣ ಕಣ್ಣುಮುಚ್ಚಿ ಕೇಳಿ, ನಿಲ್ಲಿಸಿ, ಅವರ ಕಿವಿಗೆ ಬಾಯಿಟ್ಟು ಹೇಳುತ್ತಾರೆ. ಹಾಡುವವರು ಎರಡು ಮಾರು ದೂರದಲ್ಲಿ ನಿಂತಂತಿದೆ. ಪಿಟೀಲು ಅವರ ಎಡಕ್ಕೆ, ತುಸು ಹಿಂದೆ. ಮೇಲಿನ ಸ್ವರ ಮುಟ್ಟುವ ಮುನ್ನ ಉಸಿರೆಳೆದುಕೊಳ್ಳುತ್ತಾರೆ. ತಗ್ಗಿನ ಸದ್ದು ಈ ಸ್ಪೀಕರಿನಲ್ಲಿ ತುಂಬಿ ಬರುವುದಿಲ್ಲ, ಅದನ್ನೂ ಜರಡಿಯಣ್ಣ ಮುಚ್ಚಿಡುವುದಿಲ್ಲ. ಒಮ್ಮೆ, ಹಾಡು ಮುಗಿದ ಮೇಲೆ ಮುದ್ರಣದಲ್ಲಿ ಕುರ್ಚಿ ಸರಿದ ಸದ್ದು ಇದೆ ಎಂದರು.

ಮೇಷ್ಟ್ರು “ಆ ಕುರ್ಚಿ ನಂದೇ,” ಎಂದರು. “ಅವತ್ತು ರೆಕಾರ್ಡ್ ಮಾಡ್ತಾ ಅಲ್ಲೇ ಕೂತಿದ್ದೆ, ಅವರ ಹಾಡು ಮುಗೀತಲ್ಲ ಅಂತ ತಡೀಲಾರದೆ ಎದ್ದುಬಿಟ್ಟಿದ್ದೆ.”

ನಿಮಗೇನು ಆಸೆ ಎಂದು ಕೇಳಿದರೆ ಜರಡಿಯಣ್ಣ ಕೈಗಂಟಿದ ಅಂಟನ್ನು ಉಜ್ಜುತ್ತಾ ಯೋಚಿಸುತ್ತಾರೆ.

“ಸಂಗೀತ ಬಲ್ಲೋರು ಯಾರಾದ್ರೂ ಬಂದು, ಒಂದ್ಸಲ ನಡುವೆ ಕೂತು ಕೇಳ್ಬೇಕು. ನಾನು ಮೇಷ್ಟ್ರಿಗೆ ಹೇಳಿದ್ದು ಸರಿಯಾಗೇ ಇದೆ ಅಂತ ಅವರು ಅಂದ್ರೆ ಸಾಕು.”